ಕಾಲರಿನೊಳಗಿನ ಕೆಂಪು ನೂಲು

ಬುಧವಾರ ಬೆಳಿಗ್ಗೆ ಇಸ್ತ್ರಿಯಮ್ಮ ಆ ಅಂಗಿಯನ್ನು ಮೇಜಿನ ಮೇಲೆ ಹರಡಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು ನಿಂತಳು.

"ಹುಡುಕಿ ನೋಡೋಣ, ಎಲ್ಲಿದೆ ಕಲೆ? ಬೇಕಾದ್ರೆ ಕನ್ನಡಕ ಹಾಕ್ಕೊಂಡು ಹುಡುಕಿ."

ಎದುರಿಗೆ ಇಬ್ಬರಿದ್ದರು. ಒಬ್ಬಳು ಹುಡುಗಿಯರ ಹಾಸ್ಟೆಲಿನ ಇಪ್ಪತ್ತೇಳನೇ ಕೋಣೆಯವಳು, ಸಂಶೋಧನೆ ಮಾಡುವ ಹುಡುಗಿ. ಹಸಿರು ಶಾಯಿಯ ಪೆನ್ನಿಲ್ಲದೆ ಅವಳಿಗೆ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ಎರಡು ವರ್ಷದಿಂದ ಅವಳ ತೋಳುಗಳ ಹಸಿರು ಕಲೆ ತೆಗೆದು ತೆಗೆದು ಇಸ್ತ್ರಿಯಮ್ಮನಿಗೆ ಸಾಕೋಸಾಕಾಗಿ, ಅವಳಿಗೆ ಹಸಿರುಶಾಯಿ ಎಂದೇ ಹೆಸರಿಟ್ಟಿದ್ದಳು. ಇನ್ನೊಬ್ಬರು ವಿಶ್ವವಿದ್ಯಾಲಯದ ಕೌನ್ಸೆಲರ್ ಮೇಡಂ. ಅವರು ಲಾಂಡ್ರಿಯ ಹೊಸ್ತಿಲು ತುಳಿದದ್ದು ಇದೇ ಮೊದಲು.

ಇಬ್ಬರೂ ಕಲೆ ಹುಡುಕಲಿಲ್ಲ. ಕತ್ತಿನ ಬಳಿ ಕಿತ್ತುಹೋಗಿದ್ದ ಮೂರು ಗುಂಡಿಗಳು ಹೊಸದಾಗಿ ಕೂತಿದ್ದವು. ಹರಿದಿದ್ದ ತೋಳು, ಹರಿದಿತ್ತೆಂದು ಆಣೆ ಮಾಡಿ ಹೇಳಿದರೂ ಯಾರೂ ನಂಬದ ಹಾಗೆ ಕೂಡಿಕೊಂಡಿತ್ತು. ಹುಡುಗಿ ಅದನ್ನು ನೋಡುತ್ತ ನೋಡುತ್ತ ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದು ಕೂತಳು.

"ಯಾವಾಗ ಒಗೆದ್ರಿ?" ಮೇಡಂ ಕೇಳಿದರು.

"ಸೋಮವಾರ ಬೆಳಿಗ್ಗೆನೇ. ರಕ್ತದ ಕಲೆ ಒಣಗೋಕೆ ಬಿಡಬಾರ್ದು ನೋಡಿ. ತಣ್ಣೀರು, ಉಪ್ಪು. ಆಮೇಲೆ ಆ ಹಾಳು ಶಾಯಿಗೆ ಹಾಲು, ನಿಂಬೆಹುಳಿ. ಮೂರು ಗಂಟೆ ಒದ್ದಾಡಿದೀನಿ. ಹುಡುಗಿ ಸೈಕಲ್ಲಿಂದ ಬಿದ್ಲೇನೋ ಅಂದ್ಕೊಂಡೆ..." ಹೇಳುತ್ತ ಹೇಳುತ್ತಲೇ ಇಸ್ತ್ರಿಯಮ್ಮನ ದನಿ ಇಳಿಯಿತು. "ಯಾಕೆ ಮೇಡಂ? ಏನಾಯ್ತು?"

"ಭಾನುವಾರ ಒಬ್ಬ ಇವಳ ಮೇಲೆ ಕೈಮಾಡಿದಾನೆ. ಬಾಗಿಲ ಚಿಲಕ ಹಾಕಿ. ನಮ್ಮ ಹತ್ರ ಇದ್ದ ಸಾಕ್ಷಿ ಅಂದ್ರೆ ಈ ಅಂಗಿ ಒಂದೇ."

ಇಲ್ಲಿ ಒಂದು ಮಾತು ಹೇಳಲೇಬೇಕು. ಕಳೆದ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯದವರು ಲೈಂಗಿಕ ದೌರ್ಜನ್ಯ ತಡೆಯುವ ಬಗ್ಗೆ ಒಂದು ವಾರವಿಡೀ ತರಬೇತಿ ನಡೆಸಿದ್ದರು. ಕಾವಲುಗಾರರನ್ನು ಕರೆದರು, ಅಡುಗೆಯವರನ್ನು ಕರೆದರು, ಬಸ್ಸಿನ ಚಾಲಕರನ್ನು ಕರೆದರು, ತೋಟದ ಮಾಲಿಗೂ ಕುರ್ಚಿ ಹಾಕಿ ಕೂರಿಸಿದರು. ಅಂಥದ್ದೇನಾದರೂ ನಡೆದರೆ ಸ್ನಾನ ಮಾಡಬೇಡಿ, ತೊಟ್ಟ ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಟ್ಟು ತನ್ನಿ ಎಂದು ಗೋಡೆಗೋಡೆಗೂ ಅಂಟಿಸಿದರು. ಲಾಂಡ್ರಿಯ ಹೊರಗೋಡೆಗೂ ಒಂದು ಅಂಟಿಸಿದರು. ಅದರ ಮುಂದೆ ದಿನವೂ ಹಾಸಿಗೆ ಹೊದಿಕೆಗಳು ಒಣಗುತ್ತಿದ್ದವು. ಬಟ್ಟೆ ಒಗೆಯಬೇಡಿ ಎಂದು ಊರಿಗೆಲ್ಲ ಸಾರಿದ ಮಹಾನುಭಾವರಿಗೆ, ಬಟ್ಟೆ ಒಗೆಯುವವಳಿಗೆ ಆ ಮಾತು ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

"ರೂಮಲ್ಲಿ ಅದನ್ನ ಇಟ್ಕೊಳ್ಳೋಕೆ ಆಗ್ಲಿಲ್ಲ ಅಮ್ಮ," ಹುಡುಗಿ ನೆಲ ನೋಡುತ್ತ ಹೇಳಿದಳು. "ಇಲ್ಲಿ ಹಾಕಿ ಹೋದೆ. ಆಮೇಲೆ ಬಂದು ಒಗೀಬೇಡಿ ಅಂತ ಹೇಳೋಣ ಅಂದ್ಕೊಂಡೆ. ಎರಡು ದಿನ ಎದ್ದು ಕೂರೋಕೇ ಆಗ್ಲಿಲ್ಲ."

ಇಸ್ತ್ರಿಯಮ್ಮನ ತಲೆಯಲ್ಲಿ ಆಗ ಇನ್ನೊಂದು ಬಾಗಿಲು ತೆರೆಯಿತು. ಭಾನುವಾರ. ಮಧ್ಯಾಹ್ನ ಇದೇ ಹುಡುಗಿ ಇದೇ ಕಟ್ಟೆಗೆ ಒರಗಿ ನಿಂತಿದ್ದಳಲ್ಲ. ಮೇಷ್ಟ್ರು ಅಧ್ಯಾಯ ತಿದ್ದಿಟ್ಟಿದ್ದಾರಂತೆ, ಈಗಲೇ ಬಾ ಅಂದಿದ್ದಾರೆ, ವಿಭಾಗದಲ್ಲಿ ರಜೆ, ಯಾರೂ ಇರಲ್ಲ, ಹೋಗಲೋ ಬೇಡವೋ ಎಂದು ಪೆನ್ನಿನ ತುದಿ ಕಚ್ಚುತ್ತಿದ್ದಳು. ಆಗ ಇಸ್ತ್ರಿಯಮ್ಮ ಏನು ಹೇಳಿದ್ದಳು? "ಆ ಮೇಷ್ಟ್ರಾ? ಬಂಗಾರದಂಥ ಮನುಷ್ಯ ಕಣೇ. ಮೂರು ವರ್ಷದಿಂದ ಅವರ ಬಟ್ಟೆ ಒಗೀತಿದೀನಿ, ಒಂದು ಕೊಳೆ ಕಂಡಿಲ್ಲ. ಹೋಗ್ಬಾ."

"ಯಾರು?" ಎಂದು ಈಗ ಕೇಳಿದಳು. ಕೇಳುವ ಅಗತ್ಯವೇ ಇರಲಿಲ್ಲ.

"ನೀವೇ ಹೇಳಿದ್ರಲ್ಲ ಅಮ್ಮ. ಹೋಗ್ಬಾ ಅಂತ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಆ ಮೇಷ್ಟ್ರಿಗೆ ಗರಿಗರಿ ಮೇಷ್ಟ್ರು ಎಂದು ಅಡ್ಡಹೆಸರು. ಶರ್ಟಿನ ಮಡಿಕೆ ಮುರಿಯದ ಹಾಗೆ ಕೂರುವವರು, ಏಳುವವರು, ಲಾಂಡ್ರಿಗೆ ಬಂದರೆ "ಅಮ್ಮಾ, ಆರೋಗ್ಯವಾ?" ಎಂದು ವಿಚಾರಿಸುವವರು. ಹಾಸ್ಟೆಲುಗಳ ಮೇಲ್ವಿಚಾರಣೆಯೂ ಅವರದೇ. ಕೋಣೆಗಳ ಬದಲಿ ಕೀಲಿಗಳ ಗೊಂಚಲು ಅವರ ಬಳಿ ಇತ್ತು. ಲಾಂಡ್ರಿಯ ಪರವಾನಗಿಗೆ ವರ್ಷಕ್ಕೊಮ್ಮೆ ಬೀಳುವ ರುಜುವೂ ಅವರದೇ. ಆ ರುಜು ಬೀಳದಿದ್ದರೆ ಇಸ್ತ್ರಿಯಮ್ಮನೂ ಅವಳ ತಂಗಿಯೂ ಲಾಂಡ್ರಿ ಬಿಡಬೇಕು, ಅದರ ಹಿಂದಿನ ಎರಡು ಕೋಣೆಯ ಮನೆಯನ್ನೂ ಬಿಡಬೇಕು. ಇಷ್ಟು ಹೊತ್ತು ಅವರು ಇವರು ಎಂದದ್ದಾಯಿತು, ಇನ್ನು ಆ ಮರ್ಯಾದೆ ಸಾಕು.

"ಸೋಮವಾರ ದೂರು ಸಮಿತಿ ಕೂರುತ್ತೆ," ಮೇಡಂ ಹೋಗುವಾಗ ಹೇಳಿದರು. "ವಿಚಾರಣೆ ಮುಗಿಯೋವರೆಗೂ ಅವನನ್ನ ಕ್ಯಾಂಪಸ್ಸಿಂದ ದೂರ ಇಡಬೇಕೋ ಬೇಡವೋ ಅಂತ ಅವತ್ತೇ ತೀರ್ಮಾನ. ಅವಳ ಪೆನ್ನು ಮುರಿದು ಶಾಯಿ ಅವನ ಮೇಲೆ ಚೆಲ್ಲಿತ್ತು ಅಂತ ದೂರಲ್ಲಿ ಬರೆದಿದಾಳೆ. ಅವನು ನಾನು ಮನೇಲಿದ್ದೆ ಅಂತಾನೆ. ಅವಳ ಮಾತು, ಅವನ ಮಾತು." ಆಮೇಲೆ ಬಾಗಿಲಲ್ಲಿ ಹಿಂತಿರುಗಿ, "ನಿಮ್ಮ ತಪ್ಪಲ್ಲ ಇದು. ನಿಮಗೆ ಹೇಳದೆ ಹೋದ ನಮ್ಮ ತಪ್ಪು," ಎಂದರು.

ಹೇಳಿದ ಮಾತು ಹೊಟ್ಟೆಗಿಳಿಯಬೇಕಲ್ಲ. ದೂರು ಬಿದ್ದುಹೋದರೆ ಕೀಲಿಗೊಂಚಲು ಅವನ ಕೈಯಲ್ಲೇ ಉಳಿಯುತ್ತದೆ, ಹುಡುಗಿ ಅದೇ ಇಪ್ಪತ್ತೇಳನೇ ಕೋಣೆಯಲ್ಲಿ ಮಲಗಬೇಕು. ಅಂದು ಇಸ್ತ್ರಿಯಮ್ಮ ಊಟದ ತಟ್ಟೆ ಮುಂದಿಟ್ಟುಕೊಂಡು ತನ್ನ ಕೈಗಳನ್ನೇ ನೋಡುತ್ತ ಕೂತಳು. ಇಪ್ಪತ್ತೆರಡು ವರ್ಷ ಹೆಮ್ಮೆಪಟ್ಟ ಕೈಗಳು.

*

ಗುರುವಾರ ಸಿಬ್ಬಂದಿ ವಸತಿಯ ಬಟ್ಟೆ ಬರುವ ದಿನ. ಹತ್ತು ಗಂಟೆಗೆ ತಳ್ಳುಗಾಡಿ ಬಂತು. ಗಂಟು ಬಿಚ್ಚುವುದು, ಗುರುತು ನೋಡಿ ಬೇರೆಬೇರೆ ಮಾಡುವುದು ಇಸ್ತ್ರಿಯಮ್ಮನ ಕೆಲಸ. ಹಿಂಡುವುದು, ಹರವುವುದು ತಂಗಿಯದು.

ಗುರುತೆಂದರೆ ಕಾಲರಿನ ಒಳಬದಿಯಲ್ಲಿ ಕೆಂಪು ನೂಲಿನಲ್ಲಿ ಹಾಕಿದ ಸಣ್ಣ ಹೊಲಿಗೆ. ಮನೆಗೊಂದು ಗುರುತು. ಗರಿಗರಿ ಮೇಷ್ಟ್ರಿಗೆ ಮೂರು ಚುಕ್ಕೆ, ಕೆಳಗೊಂದು ಗೆರೆ. ಲೈಬ್ರೇರಿಯನ್‌ಗೆ ಕತ್ತರಿಯಂತೆ ಹಾಯುವ ಎರಡು ಗೆರೆ, ಪಕ್ಕದಲ್ಲೊಂದು ಚುಕ್ಕೆ. ಯಾವ ಗುರುತು ಯಾವ ಮನೆಯದೆಂದು ಒಂದು ಹಳೇ ಪುಸ್ತಕದಲ್ಲಿ ಚಿತ್ರ ಬರೆದಿಟ್ಟಿದ್ದಳು. ಅದನ್ನು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ, ಎಲ್ಲ ಬೆರಳ ತುದಿಯಲ್ಲೇ ಇತ್ತು. ಮಜವೆಂದರೆ, ದಿನಾ ಆ ಗುರುತನ್ನು ಕತ್ತಿನ ಹಿಂದೆ ಹೊತ್ತು ತಿರುಗುವವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಒಗೆದು ಬಂದ ಶರ್ಟನ್ನು ತೊಡುವವರು ಕನ್ನಡಿ ನೋಡುತ್ತಾರೆ, ಕಾಲರಿನ ಒಳಗೆ ಯಾರು ಇಣುಕುತ್ತಾರೆ?

ಆ ವಾರವಂತೂ ಗುರುತಿಲ್ಲದಿದ್ದರೆ ದೇವರೇ ಗತಿ ಎನ್ನುವ ಹಾಗಿತ್ತು. ಘಟಿಕೋತ್ಸವಕ್ಕೆಂದು ಸಿಬ್ಬಂದಿಗೆಲ್ಲ ಒಂದೇ ಬಟ್ಟೆಯಲ್ಲಿ ಬಿಳಿ ಶರ್ಟು ಹೊಲಿಸಿಕೊಟ್ಟಿದ್ದರು, ಜೇಬಿನ ಮೇಲೆ ನೀಲಿ ಲಾಂಛನ. ತೊಡುವ ಮುಂಚೆ ಅವೆಲ್ಲ ಇಸ್ತ್ರಿಗೆ ಬಂದಾಗಲೇ ಗುರುತು ಹೊಲಿದಾಗಿತ್ತು. ಹಿಂದಿನ ಭಾನುವಾರ ಬೆಳಿಗ್ಗೆ ಎಲ್ಲರೂ ಅವನ್ನೇ ತೊಟ್ಟು ಘಟಿಕೋತ್ಸವದ ತಾಲೀಮು ಮಾಡಿದ್ದರು. ಅಳತೆಯೂ ಎರಡೋ ಮೂರೋ, ಅಷ್ಟೆ. ಒಂದೇ ಥರದ ನಲವತ್ತು ಶರ್ಟುಗಳು.

ಮೇಷ್ಟ್ರ ಮನೆಯ ಗಂಟಿನಲ್ಲಿ ಒಂದು ಹಾಸಿಗೆ ಹೊದಿಕೆ ಸುರುಳಿ ಸುತ್ತಿಕೊಂಡಿತ್ತು. ಕೊಡವಿದಳು. ಒಳಗಿಂದ ಉಂಡೆಯಾಗಿದ್ದ ಬಿಳಿ ಶರ್ಟೊಂದು ನೆಲಕ್ಕೆ ಬಿತ್ತು. ಎಡ ಹೆಗಲಿಂದ ಜೇಬಿನವರೆಗೆ ಹಸಿರು. ಯಾರೋ ಸೋಪು ಉಜ್ಜಿ ಉಜ್ಜಿ ಇನ್ನಷ್ಟು ಹರಡಿದ್ದ ಹಸಿರು. ತೋಳಿನ ಪಟ್ಟಿಯ ಮೇಲೆ ಕಂದುಬಣ್ಣದ ಒಂದು ಮಚ್ಚೆ. ಮಂಚದ ಅಡಿಯಲ್ಲೋ ಅಟ್ಟದ ಮೇಲೋ ತುರುಕಿಟ್ಟಿರಬೇಕು, ಅವನ ತಾಯಿ ಗುಡಿಸುವಾಗ ಎಳೆದು ಗಂಟಿಗೆ ಹಾಕಿರಬೇಕು. ತಾಯಂದಿರ ಕೈಗೆ ಸಿಗದ ಜಾಗ ಮನೆಯಲ್ಲಿ ಯಾವುದಿದೆ?

ಇಸ್ತ್ರಿಯಮ್ಮ ಶರ್ಟನ್ನೆತ್ತಿಕೊಂಡು ತೊಟ್ಟಿಯ ಕಡೆ ನಡೆದಳು. ಬೇಕೆಂದು ನಡೆದದ್ದಲ್ಲ, ಕಲೆ ಕಂಡರೆ ಕಾಲು ತೊಟ್ಟಿಯ ಕಡೆಗೇ ಹೋಗುತ್ತದೆ. ಶರ್ಟಿನ ತುದಿ ನೀರಿಗೆ ಇನ್ನೇನು ತಾಗಬೇಕು, ತಂಗಿ ಕೇಳಿದಳು: "ಅಕ್ಕ, ಉಪ್ಪು ಕೊಡ್ಲಾ?"

"ಬೇಡ! ಮುಟ್ಟಬೇಡ! ಯಾರೂ ಮುಟ್ಟಬೇಡಿ!"

ಇದ್ದದ್ದು ತಂಗಿಯೊಬ್ಬಳೇ, ಅವಳು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಇಸ್ತ್ರಿಯಮ್ಮ ಶರ್ಟನ್ನು ಬೆಳಕಿಗೆ ಹಿಡಿದಳು. ಕಾಲರು ತಿರುಗಿಸಿದಳು. ಮೂರು ಚುಕ್ಕೆ, ಕೆಳಗೊಂದು ಗೆರೆ.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಆ ಬೈಕಿನ ಸದ್ದು ಇಡೀ ಕ್ಯಾಂಪಸ್ಸಿಗೆ ಗೊತ್ತು. ದೂರಿನ ಪ್ರತಿ ಆ ದಿನ ಬೆಳಿಗ್ಗೆಯೇ ಅವನ ಕೈಸೇರಿತ್ತು, ಶಾಯಿಯ ಮಾತು ಓದಿದವನೇ ಶರ್ಟು ಹುಡುಕಿದ್ದಾನೆ. ಇಸ್ತ್ರಿಯಮ್ಮ ಇಸ್ತ್ರಿ ಮೇಜಿನ ಕಂಬಳಿ ಎತ್ತಿ ಶರ್ಟನ್ನು ಅದರಡಿ ತಳ್ಳಿ, ಅಂಗೈಯಿಂದ ಸಮ ಮಾಡಿದಳು.

"ಅಮ್ಮಾ, ನಮ್ಮನೆ ಗಂಟು ಬಂತಾ?" ಬಾಗಿಲಲ್ಲಿ ಗರಿಗರಿ ಮೇಷ್ಟ್ರು ನಗುತ್ತ ನಿಂತಿದ್ದ.

"ಬಂತು ಸಾರ್."

"ಅದರಲ್ಲಿ ಒಂದು ಘಟಿಕೋತ್ಸವದ ಶರ್ಟಿತ್ತು. ನಮ್ಮಮ್ಮ ಗೊತ್ತಾಗ್ದೆ ಹಾಕ್ಬಿಟ್ಟಿದಾರೆ. ಕೊಟ್ಬಿಡಿ."

ಯಾವ ಬಟ್ಟೆಯ ಬಗ್ಗೆಯೂ ಇಸ್ತ್ರಿಯಮ್ಮ ಯಾರಿಗೂ ಸುಳ್ಳು ಹೇಳಿದವಳಲ್ಲ. ಆದರೂ ಬಾಯಿ ತಾನಾಗಿ ಹೇಳಿತು: "ಅಯ್ಯೋ, ಅದಾಗ್ಲೇ ನೀರಿಗೆ ಬಿತ್ತಲ್ಲ ಸಾರ್!"

ತೊಟ್ಟಿಯಲ್ಲಿ ಅಂಥದೇ ಒಂದು ಶರ್ಟು ನೊರೆಯಡಿಯಲ್ಲಿ ಮಲಗಿತ್ತು. ಹಿಂದಿನ ದಿನ ಲೈಬ್ರೇರಿಯನ್ ಕೊಟ್ಟು ಹೋದದ್ದು. ಅವನು ತೊಟ್ಟಿಯ ಬಳಿ ಬಂದ. ನಗು ಹಾಗೇ ಇತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ.

"ಕಲೆ ಏನಾದ್ರೂ ಇತ್ತಾ?"

"ಇತ್ತಪ್ಪ, ಏನೋ ಹಸಿರು ಹಸಿರು. ಪೇಂಟಾ ಸಾರ್?"

"ಹೂಂ. ಗೇಟಿಗೆ ಬಳಿದಿದ್ರಲ್ಲ, ತಾಗಿರ್ಬೇಕು."

"ಪೂರ್ತಿ ಹೋಯ್ತು. ನೋಡಿ ಬೇಕಾದ್ರೆ."

ಅವನು ತೋಳು ಮಡಚಿ ತಾನೇ ಶರ್ಟನ್ನೆತ್ತಿದ. ಕಿಟಕಿಯ ಬೆಳಕಿಗೆ ಹಿಡಿದು ಎಡ ಹೆಗಲು ನೋಡಿದ, ಜೇಬು ನೋಡಿದ, ಪಟ್ಟಿ ನೋಡಿದ. ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಈಗ ಕಾಲರು ತಿರುಗಿಸುತ್ತಾನೆ, ಈಗ ತಿರುಗಿಸುತ್ತಾನೆ ಎಂದು ಇಸ್ತ್ರಿಯಮ್ಮ ಜೀವ ಕೈಯಲ್ಲಿ ಹಿಡಿದು ನಿಂತಳು. ಮೂಲೆಯಲ್ಲಿ ತಂಗಿ ಉಪ್ಪಿನ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. ಅವನು ತಿರುಗಿಸಲಿಲ್ಲ.

"ಏನು ಕೈಗುಣ ಅಮ್ಮ ನಿಮ್ದು! ಹಿಂಡಿ ಕೊಡಿ, ಮನೇಲೇ ಒಣಗಿಸ್ಕೋತೀನಿ."

ಇಸ್ತ್ರಿಯಮ್ಮ ಹಿಂಡಿ ಕೊಟ್ಟಳು. ಹೊರಡುವ ಮುಂಚೆ ಅವನು ಇಸ್ತ್ರಿ ಮೇಜಿಗೆ ಒರಗಿ, ಕಂಬಳಿಯ ಮೇಲೆ, ಸರಿಯಾಗಿ ಆ ಉಬ್ಬಿನ ಮೇಲೆ ಅಂಗೈ ಊರಿದ.

"ನಿಮ್ಮ ಪರವಾನಗಿ ಕಡತ ನನ್ನ ಮೇಜಿನ ಮೇಲೇ ಇದೆ. ಈ ವಾರ ರುಜು ಹಾಕ್ತೀನಿ. ಹಾಸ್ಟೆಲ್ ಹುಡುಗೀರು ಇತ್ತೀಚೆಗೆ ಏನೇನೋ ಕಥೆ ಕಟ್ತಿದಾರೆ. ಕೇಳಿದ್ರಾ?"

"ನಂಗೇನ್ ಗೊತ್ತಾಗುತ್ತೆ ಸಾರ್. ನಂದು ಬರೀ ಕೊಳೆ ವ್ಯವಹಾರ."

"ಅದೇ ಒಳ್ಳೇದು. ನಮ್ಮಂಥ ದೊಡ್ಡವರು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಎಲ್ಲರಿಗೂ ಕ್ಷೇಮ." ಕಂಬಳಿಯನ್ನು ಎರಡು ಸಲ ಮೆಲ್ಲಗೆ ತಟ್ಟಿದ. ಹೋದ.

ಬೈಕಿನ ಸದ್ದು ಕರಗಿತು. ಆಮೇಲೆ ತಂಗಿ ಓಡಿಹೋಗಿ ನೀರೊಲೆಯ ಬಾಗಿಲು ತೆಗೆದಳು. ಒಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು.

"ಹಾಕಕ್ಕ ಇದರೊಳಗೆ! ನಮಗ್ಯಾಕೆ ಊರ ಉಸಾಬರಿ? ಬೀದಿಗೆ ಬೀಳ್ತೀವಿ ಅಷ್ಟೇ. ಅವನು ಏನು ಬೇಕಾದ್ರೂ ಮಾಡ್ತಾನೆ, ಕಣ್ಣು ನೋಡ್ಲಿಲ್ವಾ ನೀನು?"

ನೋಡಿದ್ದಳು. ಅದಕ್ಕೇ ಕಂಬಳಿಯ ಕೆಳಗಿಂದ ಶರ್ಟು ತೆಗೆದು ಒಲೆಯ ಮುಂದೆ ನಿಂತಳು. ಸುಳ್ಳು ಯಾಕೆ, ಹಾಕಿಬಿಡಲೇ ಎಂದು ಅವಳಿಗೂ ಅನಿಸಿತು. ಒಂದು ಕ್ಷಣದ ಕೆಲಸ. ಅಂಗಿ ತೊಳೆದದ್ದು ತಿಳಿಯದೆ. ಇದನ್ನು ಸುಟ್ಟರೆ ಅದು ತಿಳಿದು. ಹೋಗ್ಬಾ ಎಂದು ತಾನೇ ಹೇಳಿದ ಮಾತು ಕಿವಿಯಲ್ಲಿ ಕೂತಿತ್ತು, ಅದನ್ನು ಯಾವ ಒಲೆಗೆ ಹಾಕುವುದು?

"ಬಾಗಿಲು ಮುಚ್ಚೆ," ಎಂದಳು. "ಸೋಪಿನ ಪೆಟ್ಟಿಗೆ ಪಕ್ಕ ಕಾಗದದ ಚೀಲ ಇದೆ, ತಗೊಂಬಾ."

*

ಕೌನ್ಸೆಲರ್ ಮೇಡಂ ಕೋಣೆಯಲ್ಲಿ ಹುಡುಗಿಯೂ ಇದ್ದಳು. ಇಸ್ತ್ರಿಯಮ್ಮ ಚೀಲವನ್ನು ಮೇಜಿನ ಮೇಲಿಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು.

"ಮಗಳೇ, ಒಂದು ಸಲ ನಿನ್ನ ಕೇಳದೆ ಒಗೆದೆ. ಇದನ್ನ ನೀನು ಕೊಡು ಅಂದ್ರೆ ಕೊಡ್ತೀನಿ, ಬೇಡ ಅಂದ್ರೆ ಬೇಡ. ಅವನ ಶರ್ಟು."

ಹುಡುಗಿ ಚೀಲವನ್ನು ನೋಡಿದಳು. "ಹಸಿರಿದೆಯಾ?"

"ಇದೆ. ಹೆಗಲಿಂದ ಜೇಬಿನವರೆಗೂ."

"ಹಾಗಾದ್ರೆ ನಾನೇ ಏನೋ ಕಲ್ಪಿಸ್ಕೊಂಡಿದ್ದಲ್ಲ," ಎಂದವಳೇ ಮುಖ ಮುಚ್ಚಿಕೊಂಡು ಅತ್ತಳು. ನಾಲ್ಕು ದಿನದಲ್ಲಿ ಎಷ್ಟು ಜನ ಅವಳನ್ನು ಎಷ್ಟು ಥರ ಪ್ರಶ್ನಿಸಿದ್ದರೋ, ಆ ಜಾಣೆ ತನ್ನನ್ನು ತಾನೇ ನಂಬದ ಹಾಗಾಗಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, "ಕೊಡಿ," ಎಂದಳು.

ಅವತ್ತೇ ಸಂಜೆ ಮೂವರೂ ಪೊಲೀಸ್ ಠಾಣೆಗೆ ಹೋದರು. ಶರ್ಟು ಅಲ್ಲಿ ಮೊಹರಾಯಿತು. ಕಾಲರಿನ ಗುರುತನ್ನೂ ಸೇರಿಸಿ ತೆಗೆದ ಫೋಟೋಗಳು ಸಮಿತಿಗೆ ಬಂದವು. ಪರೀಕ್ಷೆಯ ವರದಿಗೆ ವಾರಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಸಮಿತಿಯೇ ಗತಿ ಎಂದರು. ಇಸ್ತ್ರಿಯಮ್ಮ ಎಲ್ಲ ಹೇಳಿದಳು, ಒಂದನ್ನು ಬಿಟ್ಟು. ಲೈಬ್ರೇರಿಯನ್ ಶರ್ಟನ್ನು ಇನ್ನೊಬ್ಬನಿಗೆ ಕೊಟ್ಟು ಕಳಿಸಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕರವಸ್ತ್ರ ಮನೆ ತಪ್ಪಿರಲಿಲ್ಲ. ಪೊಲೀಸರೆದುರು ಅದನ್ನು ಹೇಳಿದರೆ ಕಳ್ಳಿ ಎಂದು ಬರೆದುಕೊಳ್ಳುತ್ತಾರೆಂದು ಹೆದರಿದಳು. ನಗಬೇಡಿ, ಅಂಥ ದಿನದಲ್ಲೂ ಅವಳಿಗೆ ಅದೇ ದೊಡ್ಡ ಅಪರಾಧವಾಗಿ ಕಾಣುತ್ತಿತ್ತು.

ಆಮೇಲಿನ ಮೂರು ದಿನ ಹೇಗೆ ಕಳೆಯಿತೋ ಆ ಅಕ್ಕತಂಗಿಯರಿಗೇ ಗೊತ್ತು. ಶುಕ್ರವಾರ ಬೈಕು ಲಾಂಡ್ರಿಯ ಮುಂದೆ ನಾಲ್ಕು ಸಲ ಹೋಯಿತು, ನಾಲ್ಕು ಸಲವೂ ಬಾಗಿಲೆದುರು ನಿಧಾನವಾಯಿತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಒಣಹಾಕುವ ಹಗ್ಗವನ್ನು ಯಾರೋ ಎರಡು ಕಡೆ ಕೊಯ್ದಿದ್ದರು, ನಲವತ್ತು ಹೊದಿಕೆಗಳು ಕೆಸರಿನಲ್ಲಿ ಬಿದ್ದಿದ್ದವು. ಹಗ್ಗ ಹಳೆಯದಾಗಿರಲಿಲ್ಲ, ಕೊಯ್ತ ನುಣ್ಣಗಿತ್ತು. ತಂಗಿ ಅಳುತ್ತ ಪಾತ್ರೆಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದಳು. ಇಸ್ತ್ರಿಯಮ್ಮ ಹೊದಿಕೆಗಳನ್ನು ಮತ್ತೆ ಒಗೆಯಲು ಕೂತಳು, ಆದರೆ ಬಾಗಿಲಿಗೆ ಬೆನ್ನು ಹಾಕಿ ಕೂರುವ ಧೈರ್ಯವಾಗದೆ ತೊಟ್ಟಿಯ ಆಚೆ ಬದಿಗೆ ಹೋಗಿ ಕೂತಳು. ಇದರ ನಡುವೆ ದಿನಕ್ಕೆರಡು ಸಲ ಬರುವ ಲೈಬ್ರೇರಿಯನ್ ಬೇರೆ. "ಏನಮ್ಮ, ನನ್ನ ಘಟಿಕೋತ್ಸವದ ಶರ್ಟು?" "ಒಣಗಿಲ್ಲ ಸಾರ್." "ಈ ಬಿಸಿಲಲ್ಲಿ?" "ದಪ್ಪ ಬಟ್ಟೆ ಸಾರ್."

*

ಸೋಮವಾರ ಹನ್ನೊಂದಕ್ಕೆ ಸಮಿತಿಯ ಕೋಣೆಗೆ ಕರೆದರು. ಹುಡುಗಿ ಅವನ ಮುಖ ನೋಡಬೇಕಾಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೌನ್ಸೆಲರ್ ಮೇಡಂ ಜತೆ ಕೂತಿದ್ದಳು, ನಡುವಿನ ಬಾಗಿಲು ಒಂದು ಗೇಣಷ್ಟು ತೆರೆದಿತ್ತು. ಇಸ್ತ್ರಿಯಮ್ಮನಿಗೆ ಆ ಅನುಕೂಲವಿರಲಿಲ್ಲ. ಉದ್ದ ಮೇಜಿನ ಆ ತುದಿಗೆ ಅಧ್ಯಕ್ಷೆ, ಕಾನೂನು ವಿಭಾಗದ ಹಿರಿಯ ಪ್ರಾಧ್ಯಾಪಕಿ. ಪಕ್ಕದಲ್ಲಿ ಮೂವರು ಸದಸ್ಯರು. ಅವರಲ್ಲೊಬ್ಬರು ಲೈಬ್ರೇರಿಯನ್. ಅವರನ್ನು ಕಂಡದ್ದೇ ಇಸ್ತ್ರಿಯಮ್ಮನ ಅರ್ಧ ಜೀವ ಹೋಯಿತು. ಇನ್ನರ್ಧ, ಎದುರಿಗೆ ಕೂತಿದ್ದ ಗರಿಗರಿ ಮೇಷ್ಟ್ರನ್ನು ಕಂಡು.

ಅವನು ಘಟಿಕೋತ್ಸವದ ಬಿಳಿ ಶರ್ಟು ತೊಟ್ಟುಕೊಂಡೇ ಬಂದಿದ್ದ.

"ಇವರು ಲಾಂಡ್ರಿ ನಡೆಸೋರು, ಸಾಕ್ಷಿ ಹೇಳೋಕೆ ಬಂದಿದಾರೆ," ಎಂದರು ಅಧ್ಯಕ್ಷೆ. "ಅದಕ್ಕೆ ಮುಂಚೆ ನೀವು ಈಗಷ್ಟೇ ಹೇಳಿದ್ದನ್ನ ಇವರೆದುರಿಗೂ ಹೇಳಿ."

ಅವನು ಇಸ್ತ್ರಿಯಮ್ಮನ ಕಡೆ ನೋಡಿ ನಕ್ಕ. ಆ ನಗುವಿನಲ್ಲಿ ಕಡತವಿತ್ತು, ಕೊಯ್ದ ಹಗ್ಗವಿತ್ತು.

"ಭಾನುವಾರ ನಾನು ತೊಟ್ಟಿದ್ದು ಇದೇ ಶರ್ಟು ಮೇಡಂ. ತಾಲೀಮು ಮುಗಿಸಿ ಮನೆಗೆ ಹೋದೆ, ಬಿಚ್ಚಿ ಕಪಾಟಲ್ಲಿಟ್ಟೆ. ಶಾಯಿ ಚೆಲ್ತು ಅಂತಾಳಲ್ಲ, ನೋಡಿ, ಎಲ್ಲಿದೆ ಶಾಯಿ?" ಹೆಗಲು ತೋರಿಸಿದ, ಜೇಬು ತೋರಿಸಿದ.

"ನಡುವೆ ಲಾಂಡ್ರಿಗೇನಾದ್ರೂ ಹೋಗಿತ್ತಾ?"

"ಇಲ್ಲವೇ ಇಲ್ಲ. ಅವತ್ತಿಂದ ಇವತ್ತಿನವರೆಗೂ ನನ್ನ ಕಪಾಟು ಬಿಟ್ಟು ಹೊರಗೇ ಬಂದಿಲ್ಲ. ಪ್ರಮಾಣ ಮಾಡಿ ಹೇಳ್ತೀನಿ. ಬರೆದುಕೊಳ್ಳಿ."

ಗುಮಾಸ್ತ ಬರೆದುಕೊಂಡ. ಅಧ್ಯಕ್ಷೆ ಫೋಟೋ ಮುಂದೆ ತಳ್ಳಿದರು: ಹಸಿರು ಬಳಿದ ಶರ್ಟು, ಕಾಲರಿನಲ್ಲಿ ಮೂರು ಚುಕ್ಕೆ, ಒಂದು ಗೆರೆ. ಅವನು ಫೋಟೋವನ್ನು ಹಿಂದಕ್ಕೆ ತಳ್ಳಿದ.

"ಇದು ನನ್ನದಲ್ಲ. ಇಂಥವು ನಲವತ್ತಿವೆ. ಯಾರೋ ಯಾರದೋ ಶರ್ಟಿಗೆ ಶಾಯಿ ಸುರಿದು ನನ್ನ ತಲೆಗೆ ಕಟ್ತಿದಾರೆ. ನನ್ನದು ನನ್ನ ಮೈಮೇಲಿದೆಯಲ್ಲ."

ಸದಸ್ಯರಲ್ಲೊಬ್ಬರು ತಲೆದೂಗಿದರು. ನಲವತ್ತರಲ್ಲಿ ಒಂದು ಯಾರದೆಂದು ಹೇಗೆ ಹೇಳುವುದು? ಗೇಣಷ್ಟು ತೆರೆದ ಬಾಗಿಲಾಚೆ ಕುರ್ಚಿಯೊಂದು ಕಿರುಗುಟ್ಟಿದ್ದು ಇಸ್ತ್ರಿಯಮ್ಮನಿಗೆ ಕೇಳಿಸಿತು. ಹುಡುಗಿ ಎದ್ದು ಹೋಗುತ್ತಿದ್ದಾಳೇನೋ ಎನಿಸಿತು.

ಇಸ್ತ್ರಿಯಮ್ಮ ಅವನ ಶರ್ಟನ್ನೇ ನೋಡುತ್ತಿದ್ದಳು. ಎರಡನೇ ಗುಂಡಿ. ಉಳಿದವಕ್ಕಿಂತ ಒಂದು ಎಳ್ಳಿನಷ್ಟು ದೊಡ್ಡದು. ಬುಧವಾರ ಲೈಬ್ರೇರಿಯನ್ ಗುಂಡಿ ಉದುರಿದೆ ಎಂದಾಗ ಡಬ್ಬಿಯಲ್ಲಿ ಸರಿಯಾದ್ದು ಸಿಗದೆ ತಾನೇ ಕೂರಿಸಿದ ಗುಂಡಿ. ಹೇಳಿದರೆ ತಾನು ಸುಳ್ಳುಗಾರ್ತಿ, ಒಬ್ಬರ ಬಟ್ಟೆ ಇನ್ನೊಬ್ಬರಿಗೆ ದಾಟಿಸಿದವಳು. ಹೋಗುವುದು ಪರವಾನಗಿ ಒಂದೇ ಅಲ್ಲ, ಹೆಸರೂ ಹೋಗುತ್ತದೆ. ಮೇಜು ಹಿಡಿದುಕೊಂಡು ಎದ್ದು ನಿಂತಳು.

"ಅಮ್ಮಾ," ಅಧ್ಯಕ್ಷೆಯ ಕಡೆ ಕೈಮುಗಿದಳು, "ಮೊದಲು ನನ್ನ ತಪ್ಪು ಹೇಳ್ಕೋತೀನಿ. ಗುರುವಾರ ಇವರು ಬಂದು ಕಲೆ ಶರ್ಟು ಕೊಡು ಅಂದ್ರು. ನಂಗೆ ಹೆದರಿಕೆ ಆಯ್ತು. ಕಲೆ ಹೋಯ್ತು ಅಂತ ಸುಳ್ಳು ಹೇಳಿ, ತೊಟ್ಟೀಲಿದ್ದ ಬೇರೆಯೋರ ಶರ್ಟು ಹಿಂಡಿ ಕೊಟ್ಟೆ. ಈಗ ಇವರ ಮೈಮೇಲಿರೋದು ಅದೇ. ಇವರದ್ದಲ್ಲ."

"ಬಾಯಿಗೆ ಬಂದಿದ್ದು ಹೇಳ್ಬೇಡ!" ಅವನು ಕೂಗಿದ. ಅಮ್ಮಾ ಹೋಗಿ ಏಕವಚನ ಬಂದಿತ್ತು.

"ನಾನು ಹೇಳೋದು ಬೇಡ ಸಾರ್. ಕಾಲರ್ ತಿರುಗಿಸಿ, ಅದೇ ಹೇಳುತ್ತೆ. ನಿಮ್ಮ ಮನೇದು ಮೂರು ಚುಕ್ಕೆ, ಒಂದು ಗೆರೆ. ನಿಮ್ಮ ಕಪಾಟಲ್ಲಿರೋ ಎಲ್ಲಾ ಶರ್ಟಲ್ಲೂ ಅದೇ ಇರುತ್ತೆ. ಈ ಶರ್ಟಲ್ಲಿ ಒಂದು ಕತ್ತರಿ, ಒಂದು ಚುಕ್ಕೆ ಇದೆ." ಕಂಕುಳಲ್ಲಿದ್ದ ಹಳೇ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟಳು. ಆಮೇಲೆ ಲೈಬ್ರೇರಿಯನ್ ಕಡೆ ತಿರುಗಿ, ಕಣ್ಣಿಗೆ ಕಣ್ಣು ಕೊಡಲಾರದೆ, "ಕ್ಷಮಿಸಿ ಸಾರ್. ಒಣಗಿಲ್ಲ ಅಂದಿದ್ದು ಸುಳ್ಳು," ಎಂದಳು.

ಲೈಬ್ರೇರಿಯನ್ ಮೆಲ್ಲಗೆ ಕೈ ಹಿಂದೆ ಹಾಕಿ, ತಾವು ತೊಟ್ಟಿದ್ದ ಶರ್ಟಿನ ಕಾಲರನ್ನು ಮಡಚಿ, ಪಕ್ಕದವರ ಕಡೆ ಬೆನ್ನು ತಿರುಗಿಸಿದರು.

"ಕತ್ತರಿ, ಒಂದು ಚುಕ್ಕೆ," ಪಕ್ಕದವರು ಓದಿದರು. ಅವರ ಕೈಯೂ ತಮ್ಮ ಕತ್ತಿನ ಹಿಂದಕ್ಕೆ ಹೋಯಿತು. ಇನ್ನೊಬ್ಬ ಸದಸ್ಯರದೂ. ಗುಮಾಸ್ತ ಲೇಖನಿ ಕೆಳಗಿಟ್ಟು ತನ್ನ ಕಾಲರು ತಡವಿದ. ಅಧ್ಯಕ್ಷೆ ಕರಿ ಕೋಟಿನ ಕತ್ತುಪಟ್ಟಿಯ ಒಳಗೆ ಬೆರಳಾಡಿಸಿ, ಇಷ್ಟು ವರ್ಷ ಅಲ್ಲೇ ಇದ್ದ ನೂಲಿನ ಗಂಟನ್ನು ಮೊದಲ ಸಲ ಮುಟ್ಟಿ ನೋಡಿದರು.

ಅವನೊಬ್ಬನ ಕೈ ಮಾತ್ರ ಮೇಜು ಬಿಟ್ಟು ಏಳಲಿಲ್ಲ.

"ಭಾನುವಾರದಿಂದ ನಿಮ್ಮ ಕಪಾಟಲ್ಲಿದ್ದ ಶರ್ಟು," ಅಧ್ಯಕ್ಷೆ ಗುಮಾಸ್ತ ಬರೆದದ್ದನ್ನು ನಿಧಾನವಾಗಿ ಓದಿದರು. "ಕಾಲರ್ ತಿರುಗಿಸಿ."

ಅವನು ಅಲುಗಲಿಲ್ಲ. ಆಗ ಪಕ್ಕದ ಕೋಣೆಯ ಬಾಗಿಲು ಇನ್ನೊಂದು ಗೇಣು ತೆರೆಯಿತು. ಹಸಿರುಶಾಯಿ ಎದ್ದು ಹೋಗಿರಲಿಲ್ಲ, ಬಾಗಿಲ ಹಿಂದೆಯೇ ನಿಂತಿದ್ದಳು. ಅವಳು ಒಳಗೆ ಬರಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಸಂದಿಯಿಂದ ಕೈ ಚಾಚಿ, ಬಾಗಿಲ ಪಕ್ಕದಲ್ಲೇ ನಿಂತಿದ್ದ ಇಸ್ತ್ರಿಯಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.